ಭಂಡಾರ ಮುಟ್ಟಿದ ಕೈ

ಬೀರನಹಾಳದ ಸರಕಾರಿ ಶಾಲೆಯ ಬೇವಿನ ಮರದ ಕೆಳಗೆ ಊರ ಜನ ಬಲಗೈ ಮುಂದೆ ಚಾಚಿ ನಿಂತಿದ್ದರು. ಓಟಿಗೆ ಇನ್ನೆರಡೇ ದಿನ. ಇಳಕಲ್ಲಿನಿಂದ ಬಸ್ಸಿಗೆ ಬರುವ ಶುಭದಾ ಟೀಚರು, ಯಾವ ಆಸೆಗೂ ಬೀಳದೆ ಓಟು ಹಾಕುತ್ತೇವೆಂಬ ಸರಕಾರದ ಪ್ರತಿಜ್ಞೆಯನ್ನು ತುಣುಕು ತುಣುಕಾಗಿ ಓದಿಸುತ್ತಿದ್ದರು. ಮೇ ತಿಂಗಳ ಬಿಸಿಲು ಮುಂಜಾನೆ ಒಂಬತ್ತಕ್ಕೇ ನೆತ್ತಿ ಸುಡುತ್ತಿತ್ತು. ಜನ ಹೇಗೋ ತುಟಿ ಆಡಿಸಿ ಮುಗಿಸಿದರು.

“ಓಟಿಗೆ ರೊಕ್ಕಾ ಕೊಡೂದೂ ಅಪರಾಧ, ಇಸಗೊಳ್ಳೂದೂ ಅಪರಾಧ. ನೆಪ್ಪಿರಲಿ,” ಎಂದರು ಟೀಚರು.

“ಅಕ್ಕೋರ, ನಂದೊಂದು ಮಾತೈತ್ರಿ,” ಎಂದಳು ಗುರುಲಿಂಗವ್ವ. ಅರವತ್ತು ದಾಟಿದ ಹೆಣ್ಣುಮಗಳು, ಬಾಯಿ ಮಾತ್ರ ಇಪ್ಪತ್ತರದ್ದು. “ಹೋದ ಸಲ ಬೀರಪ್ಪನ ಭಂಡಾರ ಮುಟ್ಟಿ ಆಣಿ ಮಾಡಿದ್ವಿ. ಈಗ ನಿಮ್ಮ ಕಾಗದದ ಆಣಿ. ಎರಡರಾಗ ಯಾವುದು ದೊಡ್ಡದು ಹೇಳ್ರಿ ಮತ್ತ?”

ಜನ ಗೊಳ್ಳೆಂದು ನಕ್ಕರು. ಟೀಚರೂ ನಕ್ಕರು. ನಗದೆ ನಿಂತವನು ಬೀರಪ್ಪನ ಗುಡಿಯ ಪೂಜಾರಿ ಅಮಸಿದ್ದಪ್ಪ ಒಬ್ಬನೇ. ಯಾಕೆಂದರೆ ಹೋದ ಸಲ ಆ ಭಂಡಾರದ ತಾಟು ಹಿಡಿದು ಕೂತವನು ಅವನೇ.

ಭಂಡಾರವೆಂದರೆ ದೇವರ ಅರಿಷಿಣದ ಪುಡಿ. ಅದನ್ನು ಮುಟ್ಟಿ ಆಡಿದ ಮಾತನ್ನು ಬೀರನಹಾಳದ ಕುರುಬರು ಸತ್ತರೂ ಮುರಿಯುವವರಲ್ಲ. ಓಟಿನ ಮಷಿನ್ನಿನೊಳಗೆ ಯಾರೂ ಇಣುಕಬಾರದು ಎಂಬುದು ಸರಕಾರದ ನಿಯಮ. ರೊಕ್ಕ ಹಂಚುವವರಿಗೆ ಅದೇ ದೊಡ್ಡ ತಲೆನೋವು. ಇಸಗೊಂಡವರು ಒಳಗೆ ಹೋಗಿ ಯಾವ ಗುಂಡಿ ಒತ್ತಿದರೋ ಯಾರಿಗೆ ಗೊತ್ತು? ಹಾಗಾಗಿ ಅವರು ಬಲು ಶಾಣ್ಯಾತನ ಮಾಡಿ, ಇಸಗೊಂಡವರಿಂದ ಭಂಡಾರ ಮುಟ್ಟಿಸಿ ಆಣೆ ಮಾಡಿಸಿ, ಸಾಕ್ಷಾತ್ ಬೀರಪ್ಪನನ್ನೇ ತಮ್ಮ ಏಜೆಂಟನನ್ನಾಗಿ ಕೂಡ್ರಿಸಿದ್ದರು. ಜನರ ದುರಾಸೆಯನ್ನು ನಂಬಿ ಯಾರೂ ಅಷ್ಟು ರೊಕ್ಕ ಚೆಲ್ಲುವುದಿಲ್ಲ. ಅವರು ನಂಬಿದ್ದು ಜನರ ಪ್ರಾಮಾಣಿಕತೆಯನ್ನು.

ಆ ಸಲ ಊರಿನ ಓಟುಗಳು ಹೆಚ್ಚುಕಮ್ಮಿ ಎಲ್ಲವೂ ಒಂದೇ ಕಡೆ ಬಿದ್ದವು. ಶಾಸಕರು ಗೆದ್ದರು. ಎರಡು ವರ್ಷಕ್ಕೆ ಊರ ಹೊರಗೆ ದನದ ದವಾಖಾನೆಯ ಕಟ್ಟಡವೂ ಎದ್ದಿತು, ಅದಕ್ಕೆ ಕೀಲಿಯೂ ಬಿತ್ತು. ಡಾಕ್ಟರು ಮಾತ್ರ ಬರಲಿಲ್ಲ. ಹೋದ ಮಳೆಗಾಲ ಕುರಿಗಳಿಗೆ ನೀಲಿ ನಾಲಿಗೆಯ ಬೇನೆ ಬಂತು. ಅಮಸಿದ್ದಪ್ಪನ ಹದಿನೆಂಟು ಕುರಿ ಸತ್ತವು. ಗುರುಲಿಂಗವ್ವನ ಹಟ್ಟಿಯಲ್ಲಿ ಒಂದು ಮರಿಯೂ ಉಳಿಯಲಿಲ್ಲ. ಆ ಮುದುಕಿ ಖಾಲಿ ಹಟ್ಟಿಯ ಬಾಗಿಲು ಹಾಕುವಾಗ ಅತ್ತದ್ದನ್ನು ಅಮಸಿದ್ದಪ್ಪ ಇನ್ನೂ ಮರೆತಿಲ್ಲ.

ಆಗ ಅವನು ನಾಲ್ಕು ಜನರನ್ನು ಕಟ್ಟಿಕೊಂಡು ಬಾಗಲಕೋಟೆಗೆ, ಶಾಸಕರ ಮನೆಗೆ ಹೋಗಿದ್ದ. ಶಾಸಕರು ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಕೂಡ್ರಿಸಿದರು, ಚಹಾ ತರಿಸಿದರು. ದಣಿದ ಮನುಷ್ಯನ ದನಿಯಲ್ಲೇ ಮಾತಾಡಿದರು.

“ಪೂಜಾರಿ, ಖರೇ ಹೇಳ್ಲಿ? ನಲವತ್ತು ಲಕ್ಷದಾಗ ಚುನಾವಣಿ ಮುಗಸ್ರಿ ಅಂತೈತಿ ಕಾಯ್ದೆ. ಅಷ್ಟಕ್ಕ ಲೆಕ್ಕಾ ಬರದು ಕೊಟ್ಟೇನಿ. ಖರೆ ಖರ್ಚು ಎಷ್ಟಾತು ಅನ್ನೂದನ್ನ ನನ್ನ ಹೇಣ್ತಿಗೂ ಹೇಳಿಲ್ಲ. ಆ ರೊಕ್ಕ ಕೊಟ್ಟವರು ದಿನಾ ಮುಂಜಾನೆ ನೀವು ಕುಂತಿರೂ ಸೋಫಾದ ಮ್ಯಾಲೇ ಬಂದು ಕೂಡ್ತಾರ. ಒಬ್ಬಗ ರಸ್ತಾದ ಗುತ್ತಿಗಿ ಬೇಕು, ಒಬ್ಬಗ ಕ್ವಾರಿ ಪರ್ಮಿಟ್ ಬೇಕು. ಅವರ ಸಾಲು ಮುಗದ ಮ್ಯಾಲ ನಿಮ್ಮ ಕುರಿ ಡಾಕ್ಟರು. ಏನ ಮಾಡ್ಲಿ ಹೇಳ್ರಿ?”

“ನಾವು ಓಟು ಹಾಕೇವಲ್ರಿ, ಸಾಹೇಬ್ರ.”

“ಪುಕ್ಕಟ ಹಾಕೀರೇನು? ಮನಿಗೊಂದು ಪಾಕೀಟು ಮುಟ್ಟೇತಿಲ್ಲೋ? ನಿಮ್ಮೂರಿಂದು ನಾ ಏನೂ ಬಾಕಿ ಉಳಸಿಲ್ಲ.”

ಹೋದ ಐವರೂ ತಲೆ ತಗ್ಗಿಸಿಕೊಂಡು ಚಹಾ ಕುಡಿದು ಬಂದರು.

ಶಾಲೆಯ ಬಯಲಿನಿಂದ ಮನೆಗೆ ಬಂದರೆ ಕಟ್ಟೆಯ ಮೇಲೆ ಅಳಿಯ ಪ್ರಭುಲಿಂಗ ಕಾಯುತ್ತ ಕೂತಿದ್ದ. ತಂಗಿಯ ಮಗ. ಹುನಗುಂದದಲ್ಲಿ ಟೆಂಪೋ ಓಡಿಸುತ್ತಾನೆ, ಚುನಾವಣೆ ಬಂದರೆ ಶಾಸಕರ ಕಡೆಯಿಂದ ಬೀರನಹಾಳವನ್ನು ನೋಡಿಕೊಳ್ಳುತ್ತಾನೆ.

“ಮಾಮಾ, ನಾಳೆ ತಾಟು ಹಿಡದು ಗುಡಿ ಮುಂದ ಕೂಡ್ರಿ. ಅರ್ಧಾ ತಾಸಿನ ಕೆಲಸ.”

“ಆಗೂದಿಲ್ಲೋ ಪ್ರಭು. ಆ ತಾಟು ಹಿಡದ ಕೈಲೇ ಹದಿನೆಂಟು ಕುರಿ ಹುಗದೇನಿ.”

“ಬೇನಿಗೂ ಓಟಿಗೂ ಏನ ಸಂಬಂಧರಿ? ನಾವು ಕೊಡದಿದ್ರ ಆ ಕಡಿಯವ್ರು ಕೊಡ್ತಾರ. ಬರೇ ಒಳ್ಳೇ ಮನಸ್ಯಾ ಅಂತ ನಿಂತವ್ರು ಠೇವಣಿ ಕಳಕೊಂಡು ಮನೀಗೆ ಹೋಗ್ಯಾರ. ಗೆದ್ದ ಮ್ಯಾಲ ಯಾವ ಎಮ್ಮೆಲ್ಲೆ ನಮ್ಮ ಕಡೆ ಹೊಳ್ಳಿ ನೋಡ್ತಾನ? ಐದು ವರ್ಷಕ್ಕೊಮ್ಮೆ ಬಡವರ ಕೈಯಾಗ ಒಂದು ಸೀರಿ ಬಂದ್ರ ನಿಮಗ್ಯಾಕ ಹೊಟ್ಟಿಸಂಕಟ?”

ಹುಡುಗನ ಮಾತು ಪೂರ್ತಿ ಸುಳ್ಳೂ ಅಲ್ಲ. ಅದೇ ಅಮಸಿದ್ದಪ್ಪನನ್ನು ಇನ್ನಷ್ಟು ಕೆಣಕಿತು.

“ಇಸಗೋಬ್ಯಾಡ್ರಿ ಅಂತ ಮಂದಿಗೆ ಹೇಳೂ ಯೋಗ್ಯತಾ ನನಗಿಲ್ಲ. ಆದ್ರ ದೇವರನ್ನ ನಡುವ ತರಬ್ಯಾಡ. ನಾ ತಾಟು ಹಿಡ್ಯಾಂವಲ್ಲ, ಮುಗೀತು.”

ಪ್ರಭುಲಿಂಗ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದ. ಅಮಸಿದ್ದಪ್ಪ ದೊಡ್ಡ ಗಂಡಾಂತರದಿಂದ ಪಾರಾದೆನೆಂದು ನಿರಾಳವಾಗಿ ಉಂಡ. ಪಾಪ, ಅಳಿಯನನ್ನು ಅವನು ಸರಿಯಾಗಿ ತಿಳಿದಿರಲಿಲ್ಲ.

ಮರುದಿನ ಕುರಿ ಮೇಯಿಸಲು ರಾಮಥಾಳದ ಕಡೆಯ ಹೊಲಗಳಿಗೆ ಹೋದವನು ಸಂಜೆ ಊರು ಸೇರಿದಾಗ ಏನೋ ಬೇರೆಯಾಗಿ ಕಂಡಿತು. ನೀರಿಗೆ ಬಂದ ಹೆಂಗಸರು ಅವನನ್ನು ನೋಡಿ ಬಲಗೈ ಸೆರಗಿನೊಳಗೆ ಸರಿಸಿಕೊಂಡರು. ಹರಟೆ ಹೊಡೆಯುತ್ತಿದ್ದ ದುರ್ಗಪ್ಪ ಕೈ ಹಿಂದೆ ಕಟ್ಟಿಕೊಂಡ. ಮನೆಯಲ್ಲಿ ಹೆಂಡತಿ ಪದ್ಮವ್ವ ನೀರಿನ ತಂಬಿಗೆಯನ್ನು ಎಡಗೈಯಲ್ಲಿ ಚಾಚಿದಳು. ನಲವತ್ತು ವರ್ಷದ ಸಂಸಾರದಲ್ಲಿ ಆಕೆ ಎಂದೂ ಎಡಗೈಯಲ್ಲಿ ನೀರು ಕೊಟ್ಟವಳಲ್ಲ.

“ಬಲಗೈ ತೋರಸು,” ಎಂದ ಅಮಸಿದ್ದಪ್ಪ.

ಬೆರಳುಗಳು ಹಳದಿಯಾಗಿದ್ದವು. ಮೂಲೆಯಲ್ಲಿ ಹೊಸ ಸೀರೆಯೊಂದು ಮಡಿಕೆ ಬಿಚ್ಚದೆ ಕೂತಿತ್ತು; ಇಳಕಲ್ ಸೀರೆಯ ಅಂಚನ್ನು ಕದ್ದ ಮಿಲ್ಲಿನ ಸೀರೆ. ಅದರೊಳಗೊಂದು ಪಾಕೀಟು.

“ಪ್ರಭು ಬಂದಿದ್ದ,” ಎಂದಳು ಪದ್ಮವ್ವ, ನೆಲ ನೋಡುತ್ತ. “ಗುಡಿ ಕೀಲಿ ಕೊಡು ಅತ್ತಿ ಅಂದ. ನಾ ಒಲ್ಲೆ ಅಂದೆ. ‘ಸಾಹೇಬ್ರಿಗೆ ಮಾತು ಕೊಟ್ಟೇನಿ, ನನ್ನ ಮರ್ಯಾದಿ ನಿನ್ನ ಕೈಯಾಗೈತಿ’ ಅಂತ ಕಣ್ಣಾಗ ನೀರು ತಂದ. ಆಡಿಸಿ ಬೆಳಸಿದ ಕೂಸುರಿ ಅದು. ಕೊಟ್ಟೆ. ಆಮ್ಯಾಲ ‘ಪೂಜಾರೆಪ್ಪನ ಮನಿಯಾಕಿ ಮೊದಲ ಮುಟ್ಟಲಿ’ ಅಂದ. ನಾ ಮುಟ್ಟಿದ್ದು ನೋಡಿ ಉಳದವರೆಲ್ಲಾ ಮುಟ್ಟಿದ್ರು.”

ಅಮಸಿದ್ದಪ್ಪ ಬೈಯಲಿಲ್ಲ. ಬೈಯಲು ಬಾಯಿ ಎಲ್ಲಿತ್ತು? ಕಂಬಕ್ಕೆ ಬೆನ್ನು ಕೊಟ್ಟು ಕೂತ. ಅಷ್ಟರಲ್ಲಿ ಗುರುಲಿಂಗವ್ವ ಬಂದು ಹೊಸ್ತಿಲ ಹೊರಗೇ ನಿಂತಳು.

“ಪೂಜಾರೆಪ್ಪ, ಒಳಗ ಬರೂದಿಲ್ಲ. ಒಂದು ಮಾತು ಕೇಳಿ ಹೋಗ್ತೇನಿ. ಆ ಎಮ್ಮೆಲ್ಲೆಗ ಓಟು ಹಾಕಾಕ ನನ್ನ ಜೀವಾ ಒಲ್ಲೆ ಅಂತೈತಿ. ಆದ್ರ ಭಂಡಾರ ಮುಟ್ಟೇನಿ. ಬುದ್ಧಿ ಬಂದಾಗಿಂದ ಬೀರಪ್ಪನ ಮುಂದ ಸುಳ್ಳಾಡಿದಾಕಿ ಅಲ್ಲ ನಾ. ಈಗ ಏನ ಮಾಡ್ಲಿ?”

“ನಾಳೆ ಮುಂಜಾನೆ ಹೇಳ್ತೇನವ್ವಾ,” ಎಂದು ಅವಳನ್ನು ಕಳಿಸಿದ.

ಪೇಟೆಯ ಶಾಣ್ಯಾ ಮಂದಿ ಇದನ್ನು ಕೇಳಿದರೆ, ಅರಿಷಿಣಕ್ಕೇಕೆ ಅಂಜುತ್ತೀರಿ, ಕೈ ತೊಳೆದುಕೊಂಡು ಹೋಗಿ ಎಂದು ನಕ್ಕುಬಿಡುತ್ತಾರೆ. ಅಮಸಿದ್ದಪ್ಪನಿಗೆ ಹಾಗೆ ನಗಲು ಬರುವುದಿಲ್ಲ. ಆಣೆ ಮುರಿದವರ ಮನೆತನವನ್ನು ಬೀರಪ್ಪ ಬಿಡುವುದಿಲ್ಲವೆಂದು ಅಪ್ಪನ ಬಾಯಿಂದ ಕೇಳಿ, ತನ್ನ ಬಾಯಿಂದ ಊರಿಗೆ ಹೇಳಿ ಬೆಳೆದವನು. ಅವನಿಗೆ ನಿಜಕ್ಕೂ ಅಂಜಿಕೆಯಿತ್ತು. ಅಂಜುತ್ತಲೇ ಒಂದು ನಿರ್ಧಾರಕ್ಕೆ ಬಂದ.

ಓಟಿನ ದಿನ ಮುಂಜಾನೆ ಏಳಕ್ಕೆ ಜನ ಶಾಲೆಯ ಕಡೆ ಹೊರಟರೆ, ದಾರಿಯಲ್ಲಿ ಗುಡಿಯ ಕಟ್ಟೆಯ ಮೇಲೆ ಪೂಜಾರಿ ಬರಿದಲೆಯಲ್ಲಿ ಕೂತಿದ್ದ. ರುಮಾಲು ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಎದುರಿಗೆ ಭಂಡಾರದ ತಾಟು. ಊರವರು ಆ ಬಿಳಿಗೂದಲ ತಲೆಯನ್ನು ಹಿಂದೆಂದೂ ಕಂಡವರಲ್ಲ.

“ನಿನ್ನೆ ಮುಟ್ಟಿದವರು ಆ ಆಣಿ ನನ್ನ ತಲಿ ಮ್ಯಾಲ ಇಟ್ಟು ಹೋಗ್ರಿ,” ಎಂದ. “ಒಂದು ಚಿಟಿಕಿ ಭಂಡಾರ ಇಲ್ಲಿ ಹಾಕ್ರಿ. ಬೀರಪ್ಪ ಕೇಳಿದ್ರ ನಾ ಉತ್ತರಾ ಕೊಡ್ತೇನಿ. ಒಳಗ ಹೋಗಿ ನಿಮಗ ತಿಳದವರಿಗೆ ಹಾಕ್ರಿ. ಅವರೇ ಬೇಕನಿಸಿದ್ರ ಅವರಿಗೇ ಹಾಕ್ರಿ. ಆದ್ರ ಅಂಜಿ ಹಾಕಬ್ಯಾಡ್ರಿ.”

ಯಾರೂ ಮಿಸುಕಲಿಲ್ಲ. ಊರಿನ ಪಾಪವನ್ನೆಲ್ಲ ಪೂಜಾರಿಯ ತಲೆಗೆ ಸುರಿಯಲು ಯಾರ ಕೈ ಬಂದೀತು? ಕೊನೆಗೆ ಗುರುಲಿಂಗವ್ವ ಮುಂದೆ ಬಂದು ಚಿಟಿಕೆ ಭಂಡಾರ ತೆಗೆದಳು. ಕೈ ಮೇಲೆತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

“ತಲಿ ಮುಚಗೋರಿ ಮೊದಲ!”

ಪದ್ಮವ್ವ. ಬಗಲಲ್ಲಿ ಆ ಸೀರೆ ಇತ್ತು. ಗಂಡನ ರುಮಾಲು ಎತ್ತಿ ಅವನ ತೊಡೆಯ ಮೇಲೆ ಇಟ್ಟಳು.

“ಕೀಲಿ ಕೊಟ್ಟಾಕಿ ನಾ, ಮುಟ್ಟಿದಾಕಿ ನಾ. ಅದನ್ನ ನಿಮ್ಮ ತಲಿಗೆ ಹೊರಿಸಿ ನಾ ಹಗುರಾಗಿ ಹೋಗ್ಲೇನು? ಹೇಣ್ತಿ ಅಂದ್ರ ಏನಂತ ತಿಳದೀರಿ?” ಎಂದು ಗದರಿದಳು. ಆಮೇಲೆ ಗುಡಿಯ ಕಡೆ ತಿರುಗಿ ಕೈ ಮುಗಿದಳು. “ಬೀರಪ್ಪಾ, ಇಸಗೊಂಡಿದ್ದಕ್ಕ ಆಣಿ ಮಾಡಿದ್ದೆ. ಇಸಗೊಂಡಿದ್ದನ್ನ ತಿರುಗಿ ಕೊಡಾಕತ್ತೇನಿ. ಇಷ್ಟರ ಮ್ಯಾಲ ನಿನಗ ಸಿಟ್ಟು ಬಂದ್ರ ನನ್ನ ಮ್ಯಾಲ ಬರಲಿ, ಬ್ಯಾರೇದವರ ತಂಟೇಕ ಹೋಗಬ್ಯಾಡ.”

ಬಿರಬಿರನೆ ನಡೆದಳು. ಶಾಲೆಯಿಂದ ದೂರದಲ್ಲಿ ಪ್ರಭುಲಿಂಗ ಮೇಜು ಹಾಕಿ ಓಟಿನ ಚೀಟಿ ಬರೆದುಕೊಡುತ್ತಿದ್ದ. ಮೇಜಿನ ಮೇಲೆ ಸೀರೆ ಬಿತ್ತು, ಪಾಕೀಟು ಸಮೇತ.

ಪ್ರಭುಲಿಂಗ ಹೌಹಾರಿದ. “ಅತ್ತೀ! ಇಲ್ಲಿ ಬ್ಯಾಡ! ಪೊಲೀಸರು ಅದಾರ!”

“ಇದ್ರ ಇರ್ಲಿ ಬಿಡು. ಯಾರು ಗೆದ್ರೂ ನಾಳೆ ನಾ ಡಾಕ್ಟರನ್ನ ಕೇಳಾಕ ಬಾಗಲಕೋಟಿಗೆ ಹೋಗಾಕೀನೇ. ‘ಪಾಕೀಟು ಮುಟ್ಟೇತಿಲ್ಲೋ’ ಅಂತ ನನ್ನ ಬಾಯಿ ಯಾರೂ ಮುಚ್ಚಸಬಾರದು. ಹಿಡಿ, ನಿಮ್ಮ ಸಾಹೇಬ್ರಿಗೆ ಮುಟ್ಟಸು.”

ಗುರುಲಿಂಗವ್ವ ಚಿಟಿಕೆಯ ಭಂಡಾರವನ್ನು ತಾಟಿಗೇ ಉದುರಿಸಿ ಮನೆಯ ಕಡೆ ಓಡಿದಳು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಿದ್ದು ಊರಿಗೇ ಸೋಜಿಗ. ಆಕೆಯ ಹಿಂದೆ ಇನ್ನಿಬ್ಬರು, ಅವರ ಹಿಂದೆ ನಾಲ್ವರು. ಎಲ್ಲರೂ ಓಡಿದರೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೆಲವರು ಸೀರೆ ಆಗಲೇ ಉಟ್ಟು ಬಂದಿದ್ದರು, ಕೆಲವರ ಪಾಕೀಟು ಹಿಂದಿನ ದಿನವೇ ಕುಡಿದು ಖಾಲಿಯಾಗಿತ್ತು. ದುರ್ಗಪ್ಪನಂಥವರು ಆಕಾಶ ನೋಡುತ್ತ ಮುಂದೆ ಹೋದರು. ಆದರೂ ಒಂಬತ್ತು ಹೊಡೆಯುವಷ್ಟರಲ್ಲಿ ಮೇಜಿನ ಮೇಲೆ ನಲವತ್ತು ಸೀರೆ ಕೂತಿದ್ದವು. ಪ್ರಭುಲಿಂಗ ಒಂದನ್ನು ಮೇಜಿನ ಕೆಳಗೆ ತುರುಕುವಷ್ಟರಲ್ಲಿ ಮೇಲೆ ಎರಡು ಬೀಳುತ್ತಿದ್ದವು.

ಪೊಲೀಸಪ್ಪ ಬಂದೇ ಬಂದ. “ಏನೋ ಇದು?”

“ನಮ್ಮತ್ತಿ ಸೀರಿರಿ, ಸಾಹೇಬ್ರ.”

“ನಿನಗ ಇಷ್ಟ ಮಂದಿ ಅತ್ತೇರೇನೋ?”

ಸಾಲಿನಲ್ಲಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಪೊಲೀಸಪ್ಪ ಮಾತ್ರ ನಗಲಿಲ್ಲ. ಯಾವುದನ್ನೂ ಮುಟ್ಟಬೇಡ, ಹುನಗುಂದದಿಂದ ಚುನಾವಣೆಯ ಸ್ಕ್ವಾಡಿನವರು ಬರುತ್ತಾರೆ, ಹೇಳುವುದನ್ನು ಅವರ ಮುಂದೆ ಹೇಳು ಎಂದು ಫೋನು ಹಚ್ಚಿದ.

ಪ್ರಭುಲಿಂಗ ಕುರ್ಚಿಯ ಮೇಲೆ ಕುಸಿದು ಕೂತ. ರುಮಾಲು ಸುತ್ತಿಕೊಂಡು ಬಂದ ಮಾವನನ್ನು ನೋಡಿದ್ದೇ ಕಣ್ಣಲ್ಲಿ ನೀರಾಡಿತು. ಈ ಸಲದ್ದು ನಾಟಕದ ನೀರಲ್ಲ.

“ಮಾಮಾ, ಅವ್ರು ಬಂದು ಕೇಳಿದ್ರ ನಾ ಏನ ಹೇಳ್ಲಿ?”

ಅಮಸಿದ್ದಪ್ಪ ಅಳಿಯನ ಹೆಗಲ ಮೇಲೆ ಕೈಯಿಟ್ಟ.

“ಖರೇನ ಹೇಳು. ಯಾರು ಕೊಟ್ಟಾರ, ಯಾರ ಕೈಲೇ ಕೊಟ್ಟಾರ, ಎಲ್ಲಾ ಹೇಳು. ನಾನೂ ಜೋಡಿ ಕೂಡ್ತೇನಿ. ಹೋದ ಸಲ ತಾಟು ಹಿಡದಾಂವ ನಾನು ಅಂತ ನಾನೂ ಬರಕೊಡ್ತೇನಿ.”

“ನಿಮ್ಮನ್ನೂ ಒಳಗ ಹಾಕ್ತಾರ್ರಿ.”

“ಹಾಕ್ಲಿ. ನಿನ್ನೊಬ್ಬನ್ನ ಕಳಿಸಿ ನಾ ಮನ್ಯಾಗ ಉಣ್ಣಾಕಾಗತೈತೇನೋ ಹುಚ್ಚಾ?”

ಪ್ರಭುಲಿಂಗ ತೋಳಿನಿಂದ ಮುಖ ಒರೆಸಿಕೊಂಡ. ಎದೆಗೆ ಸಿಕ್ಕಿಸಿಕೊಂಡಿದ್ದ ಶಾಸಕರ ಬ್ಯಾಜನ್ನು ಕಿತ್ತು ಮೇಜಿನ ಮೇಲಿಟ್ಟ. ಆಮೇಲೆ ಎದ್ದು ನಿಂತ.

“ಸ್ಕ್ವಾಡು ಬರಾಕ ಇನ್ನೂ ಅರ್ಧಾ ತಾಸು ಬೇಕು,” ಎಂದ ಅಮಸಿದ್ದಪ್ಪ. “ನಿಂದೂ ಇದೇ ಊರಾಗ ಒಂದು ಓಟೈತಲ್ಲೋ. ಹಾಕೀಯೇನು?”

“ಇಲ್ಲರಿ. ಮಂದೀದು ಹಾಕಸೂದರಾಗ ನಂದು ನೆಪ್ಪಾ ಆಗ್ಲಿಲ್ಲ.” ಶಾಲೆಯ ಕಡೆ ನೋಡಿ ಕೇಳಿದ. “ಯಾರಿಗೆ ಹಾಕ್ಲಿ, ಮಾಮಾ?”

“ಅದನ್ನ ನನಗೂ ಹೇಳಬ್ಯಾಡ,” ಎಂದು ಅಮಸಿದ್ದಪ್ಪ ಅವನನ್ನು ಮುಂದೆ ಬಿಟ್ಟುಕೊಂಡು ಗಂಡಸರ ಸಾಲಿನಲ್ಲಿ ನಿಂತ.