ಇವಾಜಿರೊ ಅರ್ಧ ಬಿಟ್ಟುಹೋದ ಮುಖ

ಬೀದಿಯ ಸಾರ್ವಜನಿಕ ಸ್ನಾನದ ಮನೆಯವನು ಓಡಿಬಂದು, ಇವಾಜಿರೊ ಬಿಸಿನೀರ ತೊಟ್ಟಿಯ ಪಕ್ಕದಲ್ಲೇ ಪ್ರಾಣ ಬಿಟ್ಟನೆಂದು ಹೇಳಿದಾಗ ಅವನ ಹೆಂಡತಿ ಒತ್ಸುನೆ ಮೂಲಂಗಿ ಹೆಚ್ಚುತ್ತಿದ್ದಳು. ಅವಳಿಗೆ ಮೊದಲು ಅಳು ಬರಲಿಲ್ಲ.

"ಮುಖ ಅರ್ಧಕ್ಕೇ ಬಿಟ್ಟು ಹೋದ್ರಾ?" ಎಂದಳು.

ಮುಖವೆಂದರೆ ಅವನು ಹಲಗೆಯಲ್ಲಿ ಕೆತ್ತುತ್ತಿದ್ದ ಚಿತ್ರದೊಳಗೆ ಕೊಡೆ ಮಡಿಸುತ್ತಿರುವ ಹೆಂಗಸಿನದು. ಯಂತ್ರದ ಮುದ್ರಣ ಬಂದ ಮೇಲೆ ಟೋಕಿಯೊದಲ್ಲಿ ಮರದಚ್ಚಿನ ಚಿತ್ರ ಕೇಳುವವರಿಲ್ಲದೆ ಇವಾಜಿರೊ ವರ್ಷಗಟ್ಟಲೆ ಬೆಂಕಿಪೊಟ್ಟಣದ ಚೀಟಿಗೆ ಅಚ್ಚು ಕೆತ್ತಿದ್ದ. ಈಗ ಪ್ರಕಾಶಕ ಮೊರೊಜುಮಿ ಹೊಸ ಕಲಾವಿದರನ್ನು ಕೂಡಿಸಿ ಆ ಕಸುಬನ್ನು ಮತ್ತೆ ಎಬ್ಬಿಸಿದ್ದ. ಅವನಿಗಾಗಿ ಕೆತ್ತುತ್ತಿದ್ದ ಮೊದಲ ಚಿತ್ರವಿದು. ಉಡುಪು ಕೆತ್ತುವುದು ಶಿಷ್ಯನ ಪಾಲು, ತಲೆ ಕೆತ್ತುವುದು ಗುರುವಿನದು. ಹಣೆಯಂಚಿನ ಕೂದಲು ಎಡಗಡೆ ಮುಗಿದಿತ್ತು. ಬಲಗಡೆ, ಗೆರೆ ನೋಡಿ ಕೆತ್ತಲೆಂದು ಹಲಗೆಗೆ ಅಂಟಿಸಿದ ಚಿತ್ರದ ಕಾಗದ ಹಾಗೇ ಇತ್ತು.

ಶವಸಂಸ್ಕಾರ ಮುಗಿದ ಮೇಲೆ ಮೊರೊಜುಮಿ ಕೆಮ್ಮಿದ. "ಒತ್ಸುನೆಯವರೇ, ಹಲಗೇನ ಬೇರೆ ಅಂಗಡಿಗೆ ಕಳಿಸೋಣ."

"ಚಿತ್ರದ ಅಂಚಿನಲ್ಲಿ ಕೆತ್ತನೆಗಾರನ ಹೆಸರು ಯಾರದು?"

"ತಲೆ ಮುಗಿಸಿದವರದ್ದೇ. ಪದ್ಧತಿ ನಿಮಗೆ ಗೊತ್ತಲ್ಲ."

"ಅವರು ಬೆಂಕಿಪೊಟ್ಟಣದ ಮೇಲೆ ಹೆಸರಿಲ್ಲದೆ ಸವೆದದ್ದು ಸಾಲದಾ? ನಮ್ಮ ಕಿಸಾಬುರೊ ಮುಗಿಸ್ತಾನೆ. ಶಿಷ್ಯ ಮುಗಿಸಿದ್ರೆ ಗುರುವಿನ ಹೆಸರೇ ಉಳಿಯುತ್ತೆ."

ನಲವತ್ತು ಸಮೀಪಿಸಿದ ಶಿಷ್ಯ ಕಿಸಾಬುರೊ ಬೆವರಿದ. "ಅಮ್ಮಾವ್ರೇ, ನಾನು ಒಂದು ಹುಬ್ಬನ್ನೂ ಮುಟ್ಟಿಲ್ಲ. ಯಜಮಾನರು ಬಿಡ್ತಿರಲಿಲ್ಲ."

"ನಿನ್ನ ತಲೇಲೇ ಕೂದಲು ಉದುರ್ತಿದೆ, ಇನ್ನೂ ಚಿತ್ರದ ಕೂದಲಿಗೆ ಕೈ ಹಾಕಿಲ್ಲ! ಅವರಿಗೆ ಬಿಡೋ ಬುದ್ಧಿ ಇರ್ಲಿಲ್ಲ, ನಿನಗೆ ಧೈರ್ಯ ಇಲ್ಲ. ಕೂತ್ಕೊಳೋ ಮಾರಾಯ!"

ಅವನು ಕೂತ. ಕೆತ್ತುವ ಚಾಕು ಹಿಡಿದು ದೇವರ ಗೂಡಿಗೆ ನಮಸ್ಕರಿಸಿದ. ಗುರುವಿನ ಪಟಕ್ಕೆ ನಮಸ್ಕರಿಸಿದ. ಮತ್ತೆ ದೇವರ ಗೂಡಿನ ಕಡೆ ತಿರುಗಿದಾಗ ಒತ್ಸುನೆ, "ಹಲಗೆ ಈ ಕಡೆ ಇದೆ" ಎಂದಳು.

ಕೊನೆಗೂ ಕೆತ್ತಿದ. ಕಿವಿಯ ಬಳಿ ಕೂದಲಿನ ಒಂದೆಳೆ ಮುರಿಯಿತು. ಅವನು ಹಲಗೆಯ ಮುಂದೆಯೇ ತಲೆಬಾಗಿ ಅತ್ತ. "ಯಜಮಾನರಾಗಿದ್ರೆ ಒಲೆಗೆ ಹಾಕ್ತಿದ್ರು."

"ಅವರು ಹಾಕ್ತಿದ್ರು. ನಾನು ಹಾಕಲ್ಲ. ಅಚ್ಚು ತೆಗೆಸು."

ಮೊದಲ ಪ್ರತಿಯನ್ನು ಆ ಚಿತ್ರ ಬರೆದ ಕಲಾವಿದ ಬೆಳಕಿಗೆ ಹಿಡಿದ. "ಇಲ್ಲೊಂದು ಕೂದಲು ಕೆದರಿದೆ. ನಾನು ಹೀಗೆ ಬರೆದಿರಲಿಲ್ಲ." ಇನ್ನಷ್ಟು ನೋಡಿದ. "ಗಾಳಿಮಳೆಯಿಂದ ಒಳಗೆ ಬಂದವಳಲ್ವಾ? ಹೀಗೇ ಇರ್ಲಿ."

ಒತ್ಸುನೆಗೆ ರೇಗಿತು. ಇಷ್ಟಕ್ಕೇ ಎಷ್ಟು ಹಲಗೆ ಸುಟ್ಟಿದ್ದ ಆ ಪುಣ್ಯಾತ್ಮ! ಎಷ್ಟು ರಾತ್ರಿ ಊಟ ಬಿಟ್ಟಿದ್ದ!

ನಲವತ್ತೊಂಬತ್ತನೆಯ ದಿನದ ಪೂಜೆಗೆ ಆ ಚಿತ್ರವನ್ನು ಗಂಡನ ಪಟದ ಮುಂದಿಟ್ಟಳು. ಅಂಚಿನಲ್ಲಿ ಇವಾಜಿರೊನ ಹೆಸರಿತ್ತು.

"ಆ ಕೂದಲನ್ನೇ ನೋಡ್ತಾ ಕೂರ್ಬೇಡಿ" ಎಂದು ಗದರಿದಳು. ಆಗ ಅಳು ಬಂತು. ಊದುಬತ್ತಿ ಹಚ್ಚಿ ಕೈಮುಗಿದಳು.

"ಅಮಿದ ಬುದ್ಧನೇ, ಈ ಹಟಮಾರಿಯನ್ನು ನಿನ್ನ ಲೋಕಕ್ಕೆ ಸೇರಿಸಿಕೋ. ಅಲ್ಲಿ ಅವರ ಕೈಗೆ ವಿಶ್ರಾಂತಿ ಕೊಡು, ಮನಸ್ಸಿಗೆ ಶಾಂತಿ ಕೊಡು."