ಸರ್ದಾನಾಳ ಹೆಪ್ಪು

ತುಯಾರಾಳ ಫೋನ್ ಬಂದಾಗ ಪ್ರಮೋದ್ ಮಗಳ ಲಂಚ್ ಬಾಕ್ಸ್ ತೊಳೆಯುತ್ತಿದ್ದ. ಪರದೆಯ ಮೇಲೆ ಆ ಹೆಸರು ನೋಡಿಯೂ ಅವನೊಳಗೆ ಏನೂ ಮಿಸುಕಲಿಲ್ಲ. ಕೈ ಒರೆಸಿಕೊಂಡು ಎತ್ತಿಕೊಂಡ.

ತುಯಾರಾ ಅವನ ಹೆಂಡತಿ ಸರ್ದಾನಾಳ ದೊಡ್ಡಮ್ಮನ ಮಗಳು. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಮನೆ. ಅಕ್ಕತಂಗಿಯರಿಬ್ಬರೂ ಸೈಬೀರಿಯಾದ ಉತ್ತರದಲ್ಲಿ, ಚಳಿಗಾಲದಲ್ಲಿ ಉಷ್ಣಾಂಶ ಮೈನಸ್ ಐವತ್ತು ಡಿಗ್ರಿಗೆ ಇಳಿಯುವ ಹಳ್ಳಿಯಲ್ಲಿ, ಕುದುರೆ ಸಾಕುವ ಸಾಖಾ ಜನರ ನಡುವೆ ಬೆಳೆದವರು. ಸರ್ದಾನಾ ಓದಲು ಮೆಲ್ಬರ್ನಿಗೆ ಬಂದಾಗ, ತುಮಕೂರಿನಿಂದ ಬಂದಿದ್ದ ಪ್ರಮೋದನಿಗೂ ಅವಳಿಗೂ ಒಂದೇ ಶೇರ್ ಹೌಸು. ಆಮೇಲೆ ಮದುವೆ, ಖಾಯಂ ವಾಸದ ಪಿಆರ್, ಸಿಡ್ನಿ, ವೆಸ್ಟ್‌ಮೀಡಿನಲ್ಲಿ ಅವಳಿಗೆ ನರ್ಸ್ ಕೆಲಸ, ಮಗಳು ಇಂಚರಾ. ಹೋದ ಫೆಬ್ರವರಿಯಲ್ಲಿ ಡ್ಯೂಟಿ ಮುಗಿಸಿ ನಡೆದು ಬರುತ್ತಿದ್ದವಳು ಸ್ಟೇಷನ್ ಎದುರು ಕುಸಿದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಮೂವತ್ತೆಂಟು ವರ್ಷ.

ಫ್ಯೂನರಲ್‌ನವರು ಫಾರ್ಮ್ ಮುಂದಿಟ್ಟಾಗ ಪ್ರಮೋದ್ ದಹನ ಅನ್ನುವ ಕಡೆ ಟಿಕ್ ಹಾಕಿದ್ದ. ಅವನ ಮನೆಯಲ್ಲಿ ನಡೆದುಬಂದದ್ದು ಹಾಗೆ. ಬೇರೆ ದಾರಿ ಇರಬಹುದೆಂದು ಹೊಳೆಯಲೇ ಇಲ್ಲ. ತುಯಾರಾ ಬರುವ ಹೊತ್ತಿಗೆ ಎಲ್ಲ ನಿಗದಿಯಾಗಿತ್ತು. “ನಮ್ಮಲ್ಲಿ ಮಣ್ಣು ಮಾಡ್ತೀವಿ,” ಅಂದಿದ್ದಳು ಅವಳು, ಬಾಗಿಲಲ್ಲೇ ನಿಂತು. “ಒಂದು ಮಾತು ಕೇಳಬಹುದಿತ್ತು.” ಆಮೇಲೆ ನಾಲ್ಕು ತಿಂಗಳು ಮಾತಿರಲಿಲ್ಲ.

ಈಗ ಫೋನಿನಲ್ಲಿ ಅದರ ಸುದ್ದಿ ಎತ್ತಲಿಲ್ಲ. “ಇಪ್ಪತ್ತೊಂದನೇ ತಾರೀಖು ಇಸ್ಯಾಖ್. ಮಗುವನ್ನು ಕರೆದುಕೊಂಡು ಬಾ,” ಅಂದಳು.

ಇಸ್ಯಾಖ್ ಸಾಖಾ ಜನರ ಬೇಸಿಗೆ ಹಬ್ಬ. ಜೂನ್ ತಿಂಗಳು, ಅಲ್ಲಿ ಸೂರ್ಯ ಮುಳುಗಿದರೂ ಕತ್ತಲಾಗದ ದಿನಗಳು. ಹುದುಗಿಸಿದ ಕುದುರೆ ಹಾಲನ್ನು ಬೆಂಕಿಗೂ ನೆಲಕ್ಕೂ ಎರೆದು, ಆಮೇಲೆ ಕೈಕೈ ಹಿಡಿದು ಸುತ್ತು ಕುಣಿಯುತ್ತಾರೆ. ಮೆಲ್ಬರ್ನಿಗೆ ಜೂನ್ ಅಂದರೆ ಚಳಿ. ಆದರೂ ಅಲ್ಲಿರುವ ಹದಿನೈದು ಇಪ್ಪತ್ತು ಮಂದಿ ಊರಿನ ದಿನವೇ ಹಬ್ಬ ಮಾಡುತ್ತಾರೆ. ಹತ್ತು ಡಿಗ್ರಿಗೆಲ್ಲ ನಮ್ಮೂರಲ್ಲಿ ಯಾರೂ ಕೋಟು ಹಾಕಲ್ಲ ಅಂತ ಸರ್ದಾನಾ ಅನ್ನುತ್ತಿದ್ದಳು.

“ಅವಳ ಹೆಪ್ಪು ತಗೊಂಡು ಬಾ. ನನ್ನದು ಹೋದ ವರ್ಷವೇ ಕೆಟ್ಟುಹೋಯಿತು. ಈಗ ಇರೋದು ಅವಳದ್ದೊಂದೇ.”

“ಸರಿ,” ಅಂದ ಪ್ರಮೋದ್.

ಹೆಪ್ಪು ಇರಲಿಲ್ಲ. ಹನ್ನೊಂದು ವರ್ಷ ಸರ್ದಾನಾ ಫ್ರಿಜ್ಜಿನ ಬಾಗಿಲಲ್ಲಿ ಗಾಜಿನ ಜಾಡಿಯಲ್ಲಿಟ್ಟು, ವಾರಕ್ಕೊಮ್ಮೆ ಹಾಲು ಸಕ್ಕರೆ ಹಾಕಿ ಕಾಪಾಡಿದ್ದಳು. ಕುದುರೆ ಹಾಲು ಸಿಗದ ಊರಿನಲ್ಲಿ ಹಸುವಿನ ಹಾಲಿಗೇ ಅದನ್ನು ಹಾಕಿ, ಹುಳಿಹುಳಿಯಾಗಿ ಬುರುಗು ಬರುವ ಕುಮಿಸ್ ಮಾಡಿಕೊಂಡು ಪ್ರತಿ ಜೂನ್ ಮೆಲ್ಬರ್ನಿಗೆ ಒಯ್ಯುತ್ತಿದ್ದಳು. ಫ್ಯೂನರಲ್ ಮರುದಿನ ಪ್ರಮೋದ್ ಫ್ರಿಜ್ಜು ಖಾಲಿ ಮಾಡಿದ್ದ. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅರ್ಧ ಕೊಯ್ದ ಎಲೆಕೋಸು ಕಸದ ಬುಟ್ಟಿಗೆ ಹಾಕಿ, ಉಳಿದ ಸಾರು, ಜಾಡಿಯಲ್ಲಿದ್ದದ್ದು ಒಂದಾದ ಮೇಲೊಂದು ಸಿಂಕಿಗೆ ಸುರಿದು ಜಾಡಿ ತೊಳೆದು ಬೋರಲು ಹಾಕಿದ್ದ. ಅದು ಹೆಪ್ಪು ಅಂತ ಗೊತ್ತಿತ್ತು. ಗೊತ್ತಿದ್ದೂ ಕೈ ನಿಲ್ಲಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬೇಕಾದರೆ ಎಷ್ಟೊಂದು ಮಾತಾಡಬೇಕಿತ್ತು. ‘ಸರಿ’ ಅಂದರೆ ಒಂದೇ ಮಾತು. ಫೆಬ್ರವರಿಯಿಂದ ಅವನು ಆಫೀಸಿಗೂ ಸ್ಕೂಲಿಗೂ ಡಾಕ್ಟರಿಗೂ ಅದೊಂದನ್ನೇ ಹೇಳಿಕೊಂಡು ಬಂದಿದ್ದ.

ಹಬ್ಬಕ್ಕೆ ಎರಡು ದಿನ ಇರುವಾಗ ಹತ್ತಿರದ ಟೂಂಗಾಬಿಯ ಪ್ರೇಮಾವತಿ ಆಂಟಿಯ ಮನೆಗೆ ಹೋದ. ಉಡುಪಿ ಕಡೆಯವರು. ಇಂಚರಾಳನ್ನು ಸ್ಕೂಲು ಬಿಟ್ಟ ಮೇಲೆ ನೋಡಿಕೊಳ್ಳುತ್ತಿದ್ದವರು ಅವರೇ.

“ಆಂಟಿ, ಸ್ವಲ್ಪ ಮೊಸರು ಬೇಕಿತ್ತು. ಹುಳಿ ಇದ್ರೆ ಒಳ್ಳೇದು.”

“ಮೊಸರು ಕೊಡುವ. ಎಂತಕ್ಕೆ?”

ಹೇಳಿದ. ಆಂಟಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

“ವರ್ಷ ಆಗ್ಲಿಲ್ಲ ಇನ್ನೂ. ಸಾವಿನ ಮನೆಯವರು ಹಬ್ಬಕ್ಕೆ ಹೋಗುವುದುಂಟಾ?”

“ತುಯಾರಾ ಕರೆದ್ಲು. ಸರಿ ಅಂದ್ಬಿಟ್ಟೆ.”

“ಮತ್ತೆ ಹೆಪ್ಪು ಬಿಸಾಡಿದ್ದು ಅವಳಿಗೆ ಹೇಳಿದ್ದೀಯಾ?”

“ಇಲ್ಲ.”

ಆಂಟಿ ಅವನ ಮುಖವನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡ. ಬೈಯಲಿಲ್ಲ. ದೊಡ್ಡ ಬಾಟಲಿ ತಂದು ಎರಡು ದಿನದ ಮೊಸರು ತುಂಬಿಸಿ, ಮುಚ್ಚಳ ಬಿಗಿದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಟ್ಟರು. “ಚೆಲ್ಲಬೇಡ,” ಅಂದರು, ಅಷ್ಟೇ.

ಶುಕ್ರವಾರ ಸಂಜೆಯ ವಿಮಾನದಲ್ಲಿ ಬಾಟಲಿ ಅವನ ತೊಡೆಯ ಮೇಲಿತ್ತು. ಒಂಬತ್ತು ವರ್ಷದ ಇಂಚರಾ ಕಿಟಕಿ ಕಡೆ ಕೂತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು. ಅಮ್ಮನ ಜೊತೆ ಅಜ್ಜಿಗೆ ಫೋನ್ ಮಾಡಿ ಮಾಡಿ ಸಾಖಾ ಭಾಷೆಯೂ ಬರುತ್ತಿತ್ತು. ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ.

“ಅದು ಅಮ್ಮನದ್ದಲ್ಲ, ಅಲ್ವಾ?” ಎಂದು ಕೇಳಿದಳು.

“ಅಲ್ಲ.”

ಅವಳು ತಲೆಯಾಡಿಸಿ ಮತ್ತೆ ಕಿಟಕಿಯತ್ತ ತಿರುಗಿದಳು.

ಮರುದಿನ ಬೆಳಿಗ್ಗೆ ತುಯಾರಾಳ ಅಡುಗೆಮನೆಯಲ್ಲಿ ಟೇಬಲ್ ತುಂಬ ತಟ್ಟೆಗಳಿದ್ದವು. ಮೂರು ಕಾಲಿನ ಮರದ ದೊಡ್ಡ ಬಟ್ಟಲೊಂದನ್ನು ಅವಳು ಬಟ್ಟೆಯಿಂದ ಒರೆಸುತ್ತಿದ್ದಳು. ಹಬ್ಬದ ಹಾಲು ಕುಡಿಯುವುದು ಅದರಲ್ಲೇ. ಪ್ರಮೋದ್ ಬಾಟಲಿ ಮುಂದಿಟ್ಟ. ಅವಳು ಮುಚ್ಚಳ ತೆಗೆದು ಮೂಸಿದಳು. ಬೆರಳು ಅದ್ದಿ ನೆಕ್ಕಿದಳು.

“ಇದು ಮೊಸರು.”

“ಹೌದು.”

“ಹೆಪ್ಪು ಎಲ್ಲಿ?”

“ಚೆಲ್ಲಿಬಿಟ್ಟೆ.”

“ಯಾವಾಗ?”

“ಫ್ಯೂನರಲ್ ಆದ ಮರುದಿನ.”

ತುಯಾರಾ ಕುರ್ಚಿ ಎಳೆದುಕೊಂಡು ಕೂತಳು. ಸಣ್ಣ ದನಿಯಲ್ಲಿ ಮಾತಾಡಿದಳು. “ಅವಳನ್ನು ಸುಟ್ಟೆ. ಅವಳ ಹೆಪ್ಪನ್ನು ಸಿಂಕಿಗೆ ಸುರಿದೆ. ಅದು ನಮ್ಮ ಊರಿನವರೊಬ್ಬರು ಕೊಟ್ಟದ್ದು, ಗೊತ್ತಾ? ಹನ್ನೊಂದು ವರ್ಷ ಇಟ್ಟುಕೊಂಡಿದ್ದಳು. ಇನ್ನೇನಾದರೂ ಉಳಿಸಿದ್ದೀಯಾ ಅವಳದ್ದು?”

ಪ್ರಮೋದ್ ನಿಂತೇ ಇದ್ದ. ಅವಳ ಮಾತು ಪಕ್ಕದ ಮನೆಯ ಟೀವಿಯ ಹಾಗೆ ಕೇಳುತ್ತಿತ್ತು. ಕೆಟಲ್ ಕುದಿದು ತಾನೇ ಆಫ್ ಆಯಿತು. ಏನಾದರೂ ಹೇಳಬೇಕು, ಕ್ಷಮೆ ಕೇಳಬೇಕು ಅಂತ ತಿಳಿಯುತ್ತಿತ್ತು. ಆದರೆ ಮರಗಟ್ಟಿದ ಕಾಲಿನ ಮೇಲೆ ಊರಲು ಹೋದ ಹಾಗೆ, ಮನಸ್ಸಿನ ಮೇಲೆ ಭಾರ ಹಾಕಿದರೂ ಅದು ಇರುವುದೇ ಗೊತ್ತಾಗುತ್ತಿರಲಿಲ್ಲ.

“ಯಾಕೆ ಚೆಲ್ಲಿದೆ ಅಂತ ನನಗೇ ಗೊತ್ತಿಲ್ಲ,” ಅಂದ ಕೊನೆಗೆ. “ಈಗಲೂ ನನಗೆ ಏನೂ ಅನಿಸ್ತಿಲ್ಲ, ತುಯಾರಾ. ಅದಕ್ಕೇ ಹೆದರಿಕೆ.”

ಅವಳು ಎದ್ದು, ಮೊಸರನ್ನು ಪಾತ್ರೆಗೆ ಸುರಿದು, ನೀರು ಸಕ್ಕರೆ ಹಾಕಿ ಕಡೆಯತೊಡಗಿದಳು. “ಬೇರೆ ಏನೂ ಇಲ್ಲ. ಇದೇ ಆಗಬೇಕು,” ಅಂದಳು.

ಪಾರ್ಕು ಮನೆಗೆ ಹತ್ತು ನಿಮಿಷದ ದಾರಿ. ಎರಡು ನೀಲಗಿರಿ ಮರಗಳ ನಡುವೆ ಬಣ್ಣಬಣ್ಣದ ಬಟ್ಟೆ ಚೂರು ಕಟ್ಟಿದ ಹಗ್ಗ ಬಿಗಿದಿದ್ದರು. ಕಟ್ಟಿಗೆ ಹಾಕುವ ಬಾರ್ಬೆಕ್ಯೂ ಒಲೆಯಲ್ಲಿ ಬೆಂಕಿ ಹಚ್ಚಿದರು. ಒಬ್ಬರು ಮುದುಕರು, ಬಿಳಿ ಅಂಗಿ, ಒಳಗೆ ಎರಡು ಸ್ವೆಟರ್, ಒಲೆಯ ಮುಂದೆ ಮಂಡಿಯೂರಿ ಉದ್ದಕ್ಕೆ ಹರಸುತ್ತ ಹೋದರು. ಮರದ ಬಟ್ಟಲಿನಿಂದ ಟೂಂಗಾಬಿಯ ಮೊಸರು ಬೆಂಕಿಗೆ ಬಿದ್ದು ಚುರ್ರ್ ಅಂದಿತು. ಎಲ್ಲರೂ ಅಂಗೈಗಳನ್ನು ಸೂರ್ಯನತ್ತ ಚಾಚಿದರು. ಮೋಡದ ಹಿಂದೆ ಸೂರ್ಯ ತೆಳ್ಳಗಿದ್ದ. ಪ್ರಮೋದನೂ ಅಂಗೈ ಚಾಚಿದ. ಚಳಿ ತಾಗಿತು, ಬೇರೇನೂ ಇಲ್ಲ.

ಆಗ ಸರ್ದಾನಾಳ ತಾಯಿಯ ವಿಡಿಯೋ ಕಾಲ್ ಬಂತು. ಅಲ್ಲಿಗೂ ಮೆಲ್ಬರ್ನಿಗೂ ಒಂದೇ ಗಂಟೆಯ ವ್ಯತ್ಯಾಸ. ಅವರೂ ಹಬ್ಬದ ಬಯಲಿನಲ್ಲೇ ಇದ್ದರು. ಹಿಂದೆ ಹಸಿರು ಹುಲ್ಲು, ಕುದುರೆಗಳು. ಮೊಮ್ಮಗಳನ್ನು ಮಾತಾಡಿಸಿ, ಆಮೇಲೆ ಪ್ರಮೋದನನ್ನು ಕರೆದು ಏನೋ ಕೇಳಿದರು.

“ಸರ್ದಾನಾಳ ಹೆಪ್ಪಿನ ಕುಮಿಸ್ ಈ ಸಲ ಹೇಗೆ ಬಂದಿದೆ ಅಂತ ಕೇಳ್ತಿದ್ದಾರೆ,” ಅಂದಳು ತುಯಾರಾ. “ಚೆನ್ನಾಗಿದೆ ಅನ್ನಲಾ?”

ಪ್ರಮೋದ್ ‘ಸರಿ’ ಅನ್ನಲು ಬಾಯಿ ತೆರೆದ. ಅನ್ನಲಾಗಲಿಲ್ಲ. “ಬೇಡ. ಆಗಿದ್ದು ಹೇಳು. ನಾನೇ ಚೆಲ್ಲಿದೆ ಅಂತ ಹೇಳು.”

ತುಯಾರಾ ಹೇಳಿದಳು. ಅತ್ತೆಯ ಮುಖ ಪರದೆಯಲ್ಲಿ ಕದಲಲಿಲ್ಲ. ನೆಟ್‌ವರ್ಕ್ ನಿಂತಿತೇನೋ ಅಂದುಕೊಂಡ. ಆಮೇಲೆ ಅವರು ನಿಧಾನವಾಗಿ ನಾಲ್ಕೈದು ಮಾತಾಡಿದರು. ಅನುವಾದ ಮಾಡಬೇಕಾದ ತುಯಾರಾ ಫೋನನ್ನು ಮಗುವಿನ ಕೈಗೆ ಕೊಟ್ಟಳು. ಹೇಳಿದ್ದು ಇಂಚರಾ.

“ಅಮ್ಮನ ಬೂಟುಗಳು ಅಜ್ಜಿಯ ಬಾಗಿಲ ಹತ್ತಿರ ಇದ್ದವಂತೆ. ಸುದ್ದಿ ಬಂದ ದಿನವೇ ಯಾರಿಗೋ ಕೊಟ್ಟುಬಿಟ್ಟರಂತೆ. ಈಗ ದಿನಾ ಆ ಮನೆ ಮುಂದೆ ಹೋಗಿ ನೋಡ್ತಾರಂತೆ, ಅವರು ಹಾಕ್ಕೊಂಡಿದ್ದಾರಾ ಅಂತ.”

ಪ್ರಮೋದ್ ಫೋನಿನತ್ತ ನೋಡಿದ. ಅತ್ತೆಯೂ ಅವನನ್ನೇ ನೋಡುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅವನು ಕೈ ಮುಗಿದ. ಅವರು ತಲೆಯಾಡಿಸಿದರು.

ಆಮೇಲೆ ಸುತ್ತು ಕುಣಿತ. ಒಬ್ಬರು ಒಂದು ಸಾಲು ಆಗಿಂದಾಗ ಕಟ್ಟಿ ಹಾಡಬೇಕು, ಉಳಿದವರು ಅದನ್ನೇ ತಿರುಗಿ ಹೇಳುತ್ತ ಸೂರ್ಯ ಹೋಗುವ ದಿಕ್ಕಿಗೆ ಹೆಜ್ಜೆ ಹಾಕಬೇಕು. ಪ್ರತಿ ವರ್ಷ ಸಾಲು ಕಟ್ಟುತ್ತಿದ್ದವಳು ಸರ್ದಾನಾ. ಈ ಸಲ ತುಯಾರಾ ಶುರು ಮಾಡಿದಳು. ಯಾರೋ ಪ್ರಮೋದನ ತೋಳಿಗೆ ತೋಳು ಸಿಕ್ಕಿಸಿ ಒಳಗೆಳೆದುಕೊಂಡರು. ಅವನ ಹೆಜ್ಜೆ ಒಂದು ಮುಂದೆ, ಒಂದು ಹಿಂದೆ. ಅರ್ಥ ತಿಳಿಯದೆಯೇ ಕಿವಿಗೆ ಬಿದ್ದ ಸದ್ದನ್ನು ಎಲ್ಲರ ಜೊತೆ ಹೇಳಿದ. ಸುತ್ತಲಿದ್ದವರು ನಗತೊಡಗಿದರು.

“ಏನು ಹೇಳಿದೆ ನಾನು?” ಎಂದು ಮಗಳನ್ನು ಕೇಳಿದ.

“ಸಿಡ್ನಿಯಿಂದ ಒಬ್ಬ ಮನುಷ್ಯ ಬಂದ, ಮೊಸರನ್ನು ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಬಂದ, ಅಂತ. ಮುಂದಿನ ಸಾಲು: ಒಂದು ಹನಿಯೂ ಚೆಲ್ಲಲಿಲ್ಲ, ಅಂತ.”

ಅವನು ಆ ಸಾಲನ್ನೂ ಹೇಳಿದ. ನಗು ಬರಲಿಲ್ಲ. ಆದರೆ ಹೆಜ್ಜೆ ತಪ್ಪಿದ್ದು ಗೊತ್ತಾಗಿ ಸರಿಮಾಡಿಕೊಂಡ.

ಏರ್‌ಪೋರ್ಟಿಗೆ ಬಿಡಲು ಕಾರು ಓಡಿಸುವಾಗ ತುಯಾರಾ ಕೇಳಿದಳು, “ಬೂದಿಯನ್ನು ಯಾವ ನದಿಗೆ ಬಿಟ್ಟೆ?”

“ಬಿಟ್ಟಿಲ್ಲ. ವಾರ್ಡ್‌ರೋಬಿನಲ್ಲಿದೆ, ಅವಳ ಜಾಕೆಟ್‌ಗಳ ಕೆಳಗೆ. ತೆಗೆದೇ ಇಲ್ಲ.”

ಸಿಗ್ನಲ್ ಹಸಿರಾದರೂ ಅವಳು ಒಂದು ಕ್ಷಣ ಕಾರು ಮುಂದೆ ಬಿಡಲಿಲ್ಲ. “ಹಾಗಾದರೆ ಮಣ್ಣು ಮಾಡಬಹುದು.”

“ಯಾವಾಗ ಬರ್ತೀಯಾ?” ಎಂದು ಕೇಳಿದ ಪ್ರಮೋದ್.

ಆಗಸ್ಟಿನಲ್ಲಿ ಬಂದಳು. ವೆಸ್ಟ್‌ಮೀಡಿಗೆ ಹತ್ತಿರದ ಸ್ಮಶಾನವೊಂದರಲ್ಲಿ ಮೊಣಕೈ ಆಳದ ಗುಂಡಿ ತೋಡಿಸಿದ್ದರು. ಮೂವರೂ ಹಿಡಿಹಿಡಿ ಮಣ್ಣು ಹಾಕಿದರು. ತುಯಾರಾ ಅತ್ತಳು, ಇಂಚರಾ ಅತ್ತಳು. ಪ್ರಮೋದನಿಗೆ ಅವತ್ತೂ ಅಳು ಬರಲಿಲ್ಲ. ಹಸಿ ಮಣ್ಣು ಉಗುರಿನ ಸಂದಿಗೆ ಹೊಕ್ಕು ತಣ್ಣಗೆ ಕೊರೆಯುತ್ತಿತ್ತು. ಅದನ್ನು ಒರೆಸಿಕೊಳ್ಳದೆ ಹಾಗೇ ನಿಂತಿದ್ದ.

ವಾಪಸು ಬರುವಾಗ ಕಾರಿನಲ್ಲಿ ಇಂಚರಾ, ಅಮ್ಮನ ಹೆಸರನ್ನು ಕಲ್ಲಿನ ಮೇಲೆ ಯಾವ ಭಾಷೆಯಲ್ಲಿ ಬರೆಸುವುದು ಎಂದು ಕೇಳಿದಳು. ಸಾಖಾ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆಸೋಣ ಅಂದ ಪ್ರಮೋದ್. ಅಷ್ಟು ಚಿಕ್ಕ ಕಲ್ಲಿನಲ್ಲಿ ಜಾಗ ಸಾಲದು ಅಂದಳು ತುಯಾರಾ. ಮೊದಲು ಯಾವುದು, ಕೆಳಗೆ ಯಾವುದು ಅಂತ ಮನೆ ಬರುವವರೆಗೂ ಮೂವರೂ ಅದನ್ನೇ ಮಾತಾಡಿದರು.