ಟೇಪಿನಷ್ಟು ಆಗಲಿಲ್ಲ

ರತನ್ ಗೋಡೆಯ ಪ್ಲಗ್ಗಿನಿಂದ ವಯರು ಕಿತ್ತು, ಅದನ್ನು ಟೇಪ್ ರೆಕಾರ್ಡರಿಗೇ ಸುತ್ತಿ, ಪೆಟ್ಟಿಗೆಯನ್ನು ತಂದು ಅಪ್ಪನ ಹೆಣದ ಪಕ್ಕದಲ್ಲಿ ಇಟ್ಟ.

"ಇದ್ನೂ ಅಪ್ಪಯ್ಯನ ಒಟ್ಟಿಗೇ ಕಳ್ಸುವ," ಎಂದ. "ಬದ್ಕಿಪ್ಪತಿಗೆ ಇದ್ರಷ್ಟ್ ಲಾಯ್ಕ್ ಯಾವ್ದೂ ಇಲ್ಲೆ ಅಂದ್ರ್. ಹೋಪತಿಗೂ ಇದೇ ಇರ್ಲಿ."

"ಸತ್ತವ್ರ್ ಮೇಲೂ ಸಿಟ್ಟಾ, ರತನಣ್ಣ?" ಎಂದಳು ತಂಗಿ ನಿಶ್ಮಿತಾ.

"ಸಿಟ್ಟ್ ಎಂತದೂ ಇಲ್ಲೆ. ಇದ್ದದ್ ಹೇಳ್ದೆ."

ಇತ್ತು ಸಿಟ್ಟು. ಇಬ್ಬರಿಗೂ ಇತ್ತು. ಮರವಂತೆಯ ಬಂದರಿನ ಹತ್ತಿರದ ಆ ಮನೆಯ ಚಾವಡಿಯಲ್ಲಿ ಮಲಗಿದ್ದ ಗುಡ್ಡಣ್ಣ ಮೂವತ್ತೈದು ವರ್ಷ ಮೀನಿನ ಬೋಟಿನಲ್ಲಿ ಇಂಜಿನ್ ನೋಡಿಕೊಂಡವರು. ಯಾರಿಗೂ ಕೆಟ್ಟದ್ದು ಬಗೆದವರಲ್ಲ, ಯಾರನ್ನೂ ಬಾಯ್ತುಂಬ ಹೊಗಳಿದವರೂ ಅಲ್ಲ. ನಿನ್ನೆ ಸಂಜೆ ಚಾ ಕುಡಿದು ಹಾಗೇ ಗೋಡೆಗೆ ಒರಗಿದ್ದರು. ಲೋಟ ತೆಗೆಯಲು ಹೋದ ಸೊಸೆ ವಿನಯಾ ಮೈ ಮುಟ್ಟಿದಾಗಲೇ ಎಲ್ಲ ಮುಗಿದದ್ದು ಗೊತ್ತಾಯಿತು. ಬ್ರಹ್ಮಾವರದಲ್ಲಿದ್ದ ಮಗಳಿಗೆ ಮುಖ ನೋಡಲು ಸಿಕ್ಕಿದ್ದು ಇವತ್ತು ಬೆಳಿಗ್ಗೆ.

* * *

ಗುಡ್ಡಣ್ಣನಿಗೆ ಹಾಡು ಕೇಳುವ ಹುಚ್ಚು. ದುಡಿಮೆ ಶುರುವಾದ ಮೊದಲ ವರ್ಷವೇ ಆ ಟೇಪ್ ರೆಕಾರ್ಡರ್ ಕೊಂಡಿದ್ದರು. ಬೋಟಿನಿಂದ ಬಂದು, ಮಿಂದು, ಉಂಡ ಮೇಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಆಯಿತು, ಕಡಲು ಮನೆಯೊಳಗೆ ಬಂದರೂ ಏಳುವವರಲ್ಲ.

ಆಮೇಲೆ ಮುಂಬೈಯಿಂದ ಬಂದ ಭಾವ ಒಂದು ವಾಕ್‌ಮನ್ ಕೊಟ್ಟ. ಗುಡ್ಡಣ್ಣ ಕಿವಿಗೆ ಸಿಕ್ಕಿಸಿಕೊಂಡು ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಕೇಳಿದರು. "ಅಡ್ಡಿಲ್ಲ. ಟೇಪಿನಷ್ಟ್ ಆಯ್ಲಿಲ್ಲ," ಎಂದರು.

ರತನ್ ಬೈಂದೂರಿನ ಮೊಬೈಲ್ ಅಂಗಡಿಗೆ ಸೇರಿದವನು ಮೊದಲ ಸಂಬಳದಲ್ಲೇ ಕಿವಿಗೆ ಸಿಕ್ಕಿಸಿ ಕೇಳುವ ಸಿ.ಡಿ. ಪ್ಲೇಯರ್ ತಂದ. ಟೇಪಿನ ಹಾಗೆ ಇದರಲ್ಲಿ ಸುಂಯ್ ಅನ್ನುವ ಸದ್ದಿಲ್ಲ, ಸೂಜಿ ಬಿದ್ದರೂ ಕೇಳುತ್ತದೆ ಎಂದು ಅಂಗಡಿಯ ಭಾಷಣವನ್ನೆಲ್ಲ ಒಪ್ಪಿಸಿದ.

"ಸೂಜಿ ಇರ್ಲಿ, ತಾಳ ಎಲ್ಲ್ ಹೋಯ್ತ್ ಮಗಾ?" ಎಂದು ಕೇಳಿದರು ಗುಡ್ಡಣ್ಣ. ತಾಳ ಕಿವಿ ಕಿತ್ತು ಹೋಗುವಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ರತನ್ ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟ.

ಮೂರನೆಯದು ಬೆಂಕಿಪೆಟ್ಟಿಗೆಗಿಂತ ಸಣ್ಣ ಎಂಪಿತ್ರೀ ಪ್ಲೇಯರ್. ಅದರಲ್ಲಿ ಇದ್ದದ್ದು ನಿಶ್ಮಿತಾಳ ಹಾಡು. ಆಗ ಅವಳಿಗೆ ಇಪ್ಪತ್ತೆರಡು. ಶನಿವಾರದ ಭಜನೆಯಲ್ಲಿ ಅವಳು ಬಾಯಿ ತೆರೆದರೆ ಮಂದಿರದ ಜಗಲಿಯಲ್ಲಿ ಹರಟುವವರೂ ಸುಮ್ಮನಾಗುತ್ತಿದ್ದರು. ಯಾರೋ ಒಂದು ಪದ ರೆಕಾರ್ಡ್ ಮಾಡಿಕೊಟ್ಟಿದ್ದರು. ಅಪ್ಪ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು. ಮಗಳು ಎದುರಿಗೆ ಕೂತು ಕಾದಳು.

"ಟೇಪಿನಷ್ಟ್ ಆಯ್ಲಿಲ್ಲ," ಎಂದು ಕಿವಿಯಿಂದ ವಯರು ತೆಗೆದರು. "ಇದ್ರಲ್ಲ್ ಜೀವ ಇಲ್ಲೆ."

ಮುಂದಿನ ಶನಿವಾರ ನಿಶ್ಮಿತಾಳಿಗೆ ತಲೆನೋವು. ಅದರ ಮುಂದಿನ ಶನಿವಾರವೂ. ಮಂದಿರದವರು ಎರಡು ಸಲ ಕರೆದು ಸುಮ್ಮನಾದರು. ಮತ್ತೆ ಮದುವೆ, ಬ್ರಹ್ಮಾವರ, ಮಕ್ಕಳು. ಅವಳಿಗೆ ಆ ಮಾತಿಗಿಂತ ಹೆಚ್ಚು ನೋವಾದದ್ದು ಇನ್ನೊಂದಕ್ಕೆ: ಹಾಡುವುದು ಯಾಕೆ ಬಿಟ್ಟೆ ಎಂದು ಹದಿನಾಲ್ಕು ವರ್ಷದಲ್ಲಿ ಅಪ್ಪ ಒಮ್ಮೆಯೂ ಕೇಳಲಿಲ್ಲ.

ಹೋದ ವರ್ಷ ರತನ್ ವಯರೇ ಇಲ್ಲದ, ಗೇರುಬೀಜದಷ್ಟು ಸಣ್ಣ ಇಯರ್‌ಫೋನ್ ತಂದುಕೊಟ್ಟ. ಗುಡ್ಡಣ್ಣ ಕಿವಿಗೆ ಇಟ್ಟು ನೋಡಿ, ಮಾತಿಲ್ಲದೆ ಡಬ್ಬಿಗೆ ಹಾಕಿ ಮುಚ್ಚಿದರು.

* * *

ಗುಡ್ಡಣ್ಣ ದುಡಿದ ಬೋಟನ್ನು ನಡೆಸುತ್ತಿದ್ದ ತಾಂಡೇಲ ಅಣ್ಣಯ್ಯ ಕೋಲೂರಿಕೊಂಡು ಬಂದ. ಕುರ್ಚಿ ಬೇಡವೆಂದು ಗೆಳೆಯನ ಪಕ್ಕ ನೆಲದ ಮೇಲೇ ಕೂತ. ಸ್ವಲ್ಪ ಹೊತ್ತು ಮುಖ ನೋಡಿ, ಟೇಪ್ ರೆಕಾರ್ಡರಿನತ್ತ ತಿರುಗಿದ.

"ಇದನ್ ಎಂತಕೆ ಇಲ್ಲ್ ಇಟ್ಟದ್?"

"ಅವ್ರ್ ಪ್ರಾಣ ಅಲ್ದಾ ಅದ್?" ಎಂದ ರತನ್. "ನಾ ತಂದದ್ ಒಂದೂ ಮೆಚ್ಚಿಲ್ಲ."

ಅಣ್ಣಯ್ಯ ಸ್ಪೀಕರಿನ ಜಾಲರಿಯ ಮೇಲೆ ಕೈ ಇಟ್ಟ. ಅಲ್ಲಿ ಅಂಗೈಯಗಲ ಕಪ್ಪು ಬಣ್ಣ ಸವೆದು ತಗಡು ಕಾಣುತ್ತಿತ್ತು.

"ಮಗಾ, ಅವ ಇದ್ರಲ್ಲ್ ಪದ ಕೇಂತಿರ್ಲಿಲ್ಲ, ಮುಟ್ಟಿ ಕಾಣ್ತಿದ್ದ. ಪದ ಹಾಕಿರೆ ಇದ್ ನಡುಗತ್ತ್ ಅಲ್ದಾ? ಕಿವಿಗೆ ಸಿಕ್ಸುದ್ ನಡುಗತ್ತಾ?"

"ಎಂತ ಹೇಳ್ತ್ರಿ ನೀವ್?" ಎಂದಳು ವಿನಯಾ.

"ಅವನ ಕಿವಿ ಹೋಯಿತ್ ಮಾರಾಯ್ತಿ. ಇಂಜಿನ್ ಬುಡದಲ್ಲೇ ಬದ್ಕಿದವ. ಮೊದ್ಲ್ ತಾಳದಂತ ಸಣ್ಣ ಶಬ್ದ ಹೋಯ್ತ್, ಕಡಿಗೆ ಮಾತೂ ಹೋಯ್ತ್. ಬಾಯಿ ಕಂಡ್ ಅಂದಾಜ್ ಮಾಡ್ತಿದ್ದ. ಕಿವಿ ಕೇಣ್ದ ಡ್ರೈವರನ್ನ ಯಾರ್ ಬೋಟಿಗ್ ಹತ್ತಸ್ತ್ರ್? ಇಂಜಿನ್ ಮೇಲೆ ಕೈ ಇಟ್ಟೇ ಅದ್ರ ಕಾಯ್ಲೆ ಹೇಳ್ತಿದ್ದ. ಯಾರಿಗೂ ಹೇಳುಕಾಗ ಅಂದ್ ನನ್ ಹತ್ರ ಸತ್ಯ ಮಾಡ್ಸಿದ."

ವಿನಯಾ ಸೆರಗು ಬಾಯಿಗೆ ಒತ್ತಿಕೊಂಡಳು. "ಟೀವಿ ದೊಡ್ಡಕ್ ಇಡ್ತ್ರ್ ಅಂದ್ ನಾ ಎಷ್ಟ್ ಸಲ ಬೈದಿದ್ದೆ."

ಬೋಟಿನವರ ಬಾಯಿ ದೊಡ್ಡದು, ಕರೆದರೆ ಓಗೊಡದಿರುವುದು ಅವರ ಗರ್ವ ಎಂದು ಇಡೀ ಮನೆ ನಂಬಿಕೊಂಡಿತ್ತು. ಒಂದೇ ಸೂರಿನ ಕೆಳಗಿದ್ದೂ ಯಾರಿಗೂ ಬೇರೆ ಯೋಚನೆ ಬಂದಿರಲಿಲ್ಲ.

"ಬೋಟ್ ಬಿಟ್ ಆರ್ ವರ್ಷ ಆಯ್ತಲ್ದಾ?" ಎಂದ ರತನ್. "ಆಮೇಲಾರೂ ಹೇಳ್ಲಕ್ಕಿತ್ತ್."

"ನಾನೂ ಹೇಳಿದೆ. 'ಮಕ್ಳ್ ಆಸೆಯಲ್ಲ್ ತಂದದ್ದಕ್ಕೆಲ್ಲ ಕೊಂಕ್ ಹೇಳ್ಕಂಡ್ ಬಂದೆ, ಈಗ ಕೇಂತಿರ್ಲಿಲ್ಲ ಅಂದ್ರೆ ಯಾವ್ ಮುಖ ತೋರ್ಸುದ್' ಅಂದ."

ರತನ್ ಟೇಪ್ ರೆಕಾರ್ಡರನ್ನು ಅಲ್ಲಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಅಣ್ಣಯ್ಯ ಮಾವ, ನನ್ ಪದ?" ಎಂದಳು ನಿಶ್ಮಿತಾ.

"ನಿನ್ ಪದವಾ! ಮರುದಿನ ಬಂದರಲ್ಲ್ ಆ ಸಣ್ಣ ಡಬ್ಬಿ ತಂದ್ ವಯರ್ ನನ್ ಕಿವಿಗ್ ಸಿಕ್ಸಿದ. 'ನನ್ ಮಗ್ಳ್ ಹ್ಯಾಂಗ್ ಹೇಳಿದ್ಳ್, ಹೇಳ್' ಅಂದ. ಮೂರ್ ಸಲ ಕೇಣ್ಸಿದ. ಪದ ಮುಗಿವಲ್ಲಿವರೆಗೂ ನನ್ ಮುಖವನ್ನೇ ಕಾಣ್ತಿದ್ದ. ನನ್ ಕಣ್ಣಲ್ಲ್ ನೀರ್ ಬಂತ್. ಅದ್ ಕಂಡ್ಕಂಡ್ ಅವ ನಗಾಡ್ದ."

"ನಾ ಹಾಡುದ್ ಬಿಟ್ಟದ್ದಕ್ಕೆ ಎಂತ ಹೇಳಿರ್?"

ಅಣ್ಣಯ್ಯ ತಲೆಯೆತ್ತಿದ. "ಬಿಟ್ಟಿದ್ಯಾ? ಬ್ರಹ್ಮಾವರದಲ್ಲೂ ಪದ ಹೇಳ್ತ್ಳ್ ಅಂದ್ ಊರಿಡೀ ಹೇಳ್ಕಂಡ್ ತಿರ್ಗುತಿದ್ದ ಅವ."

ಹದಿನಾಲ್ಕು ವರ್ಷ ನಿಶ್ಮಿತಾ ಸಾಕಿಕೊಂಡು ಬಂದ ಸಿಟ್ಟಿಗೆ ನಿಲ್ಲಲು ನೆಲವೇ ಇರಲಿಲ್ಲ.

"ಹ್ವಾಯ್, ಹೊತ್ತಾಯ್ತ್!" ಅಂಗಳದಿಂದ ಯಾರೋ ಕೂಗಿದರು. "ನೀರ್ ಏರುಕ್ ಮುಂಚೆ ಹೋಯ್ಕ್."

ದಂಡೆಯ ಮೇಲೆ ಹೆಣ ಸುಡುವ ಜಾಗವನ್ನು ಕಡಲು ವರ್ಷವರ್ಷವೂ ಕೊರೆದದ್ದರಿಂದ, ಉಬ್ಬರದ ಹೊತ್ತಿಗೆ ಅಲ್ಲಿ ಕಟ್ಟಿಗೆ ಇಡಲೂ ಮರಳು ಉಳಿಯುತ್ತಿರಲಿಲ್ಲ. ಹೆಂಗಸರು ಹೊಸ್ತಿಲಿನಿಂದ ಆಚೆ ಹೋಗುವಂತಿರಲಿಲ್ಲ. ಭಜನೆಯವರು ಅಂಗಳದಲ್ಲಿ ತಾಳ ಹಿಡಿದರು.

ನಿಶ್ಮಿತಾ ಅಪ್ಪನ ಪಕ್ಕ ಮೊಣಕಾಲೂರಿದಳು. ಅವರ ಕೈಯ ಹೆಬ್ಬೆರಳುಗಳನ್ನು ಕೂಡಿಸಿ ದಾರ ಕಟ್ಟಿದ್ದರಿಂದ ಕೈ ಎತ್ತಲು ಬರಲಿಲ್ಲ. ಅವಳೇ ಬಗ್ಗಿ ತನ್ನ ಗಂಟಲನ್ನು ಆ ಬೆರಳುಗಳಿಗೆ ಒತ್ತಿದಳು. ಅಂದಿನ ಆ ಪದದ ಮೊದಲ ಸಾಲು ಉಸಿರಿನಲ್ಲೇ ಹೋಯಿತು. ಎರಡನೆಯದಕ್ಕೆ ದನಿ ಹತ್ತಿತು.

ತಾಳದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅಳುತ್ತಿದ್ದಾಳೆಂದು ಹೆಂಗಸರು ಎಬ್ಬಿಸಲು ಬಂದರು. ಅಣ್ಣಯ್ಯ ಕೋಲು ಅಡ್ಡ ಹಿಡಿದ.

ತಣ್ಣಗಿನ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ತನ್ನ ದನಿಗೇ ನಡುಗುತ್ತಿವೆ ಎಂದು ಅವಳಿಗೆ ಗೊತ್ತಿತ್ತು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಅವೂ ನಿಲ್ಲುತ್ತಿದ್ದವು. ಪದ ಮುಗಿಯುತ್ತ ಬಂತು. ಅಂಗಳದಿಂದ ಮತ್ತೆ ಕರೆದರು. ನಿಶ್ಮಿತಾ ಕೊನೆಯ ಸಾಲನ್ನು ಬಿಟ್ಟು, ಮತ್ತೆ ಮೊದಲಿನಿಂದ ಹಿಡಿದಳು.